ದೇವರ ಮನೆಯ ಎಣ್ಣೆ

ಬಸುರಿ ಮಗಳಿಗೆ ಏಳು ತಿಂಗಳು ತುಂಬುವ ಹೊತ್ತಿಗೆ ಅವಳ ಹೊಟ್ಟೆಗೆ ಆರು ವಾರ ದೀಪದ ಎಣ್ಣೆ ಹೋಗಿತ್ತು. ತಂದವನು ನಾನು. ಬೈಸಿಕೊಂಡವಳು ನನ್ನ ಅಮ್ಮ. ಇದನ್ನು ಇಷ್ಟು ನೇರವಾಗಿ ಬರೆಯುವುದಕ್ಕೆ ನನಗೆ ಒಂದು ವರ್ಷದ ಮೇಲೆ ಬೇಕಾಯಿತು. ಈಗಲೂ ಮೂರು ಸಾಲು ಬರೆದು, ಎದ್ದು ಹೋಗಿ ನೀರು ಕುಡಿದು ಬಂದು ಕೂತಿದ್ದೇನೆ.

ನಿವೃತ್ತರಾದ ಗಂಡಸರಿಗೆ ಒಂದೊಂದು ಹುಚ್ಚು ಹಿಡಿಯುತ್ತದೆ. ಕೆಲವರಿಗೆ ಷೇರು ಪೇಟೆ, ಕೆಲವರಿಗೆ ತೀರ್ಥಯಾತ್ರೆ, ನನಗೆ ಎಣ್ಣೆ. ಆರ್‌ಪಿಸಿ ಲೇಔಟಿನ ಪಾರ್ಕಿನಲ್ಲಿ ಬೆಳಿಗ್ಗೆ ನಾಲ್ಕು ಸುತ್ತು ಹಾಕಿ ಬೆಂಚಿನ ಮೇಲೆ ಕೂತರೆ ನಮ್ಮ ಗುಂಪಿಗೆ ಬೇರೆ ಮಾತೇ ಇರಲಿಲ್ಲ. ರಿಫೈನ್ಡ್ ಎಣ್ಣೆ ಅಂದರೆ ವಿಷ ಅಂತ ಒಬ್ಬರು. ಕೊಬ್ಬರಿ ಎಣ್ಣೆ ಅಮೃತ ಅಂತ ಇನ್ನೊಬ್ಬರು. ಅದೇ ಕೊಬ್ಬರಿ ಎಣ್ಣೆಯಿಂದ ತಮ್ಮ ಭಾವನ ಹೃದಯ ಕೆಟ್ಟಿತು ಅಂತ ಮತ್ತೊಬ್ಬರು. ಎಲ್ಲರ ಮೊಬೈಲಿನಲ್ಲೂ ತಂತಮ್ಮ ವಾದಕ್ಕೆ ತಕ್ಕ ವಿಡಿಯೋ. ನಾನು ಎಲ್ಲವನ್ನೂ ನೋಡಿ ಮನೆಗೆ ಬಂದು ತೀರ್ಪು ಕೊಡುತ್ತಿದ್ದೆ. ಒಂದು ತಿಂಗಳು ಸೂರ್ಯಕಾಂತಿ ಬಂದ್. ಮುಂದಿನ ತಿಂಗಳು ಬಾಣಲೆ ಇಡುವುದೇ ಬಂದ್. ಶಾಲೆಯಲ್ಲಿ ಟೀಚರ್ ಆಗಿರುವ ನನ್ನ ಹೆಂಡತಿ ಒಂದು ದಿನ ಕೈಮುಗಿದು, "ರೀ, ಒಗ್ಗರಣೆನಾದ್ರೂ ನಿಮ್ಮ ಮೊಬೈಲ್ ಕೇಳದೆ ಹಾಕ್ಲಾ?" ಅಂದಿದ್ದಳು.

ಅಂಗಡಿಯಲ್ಲಿ ನಾನು ಅಡುಗೆ ಎಣ್ಣೆಯ ಪ್ಯಾಕೆಟ್ಟನ್ನು ಹಿಂದೆ ಮುಂದೆ ತಿರುಗಿಸಿ, ಕನ್ನಡಕ ಹಣೆಗೇರಿಸಿ, ಸಣ್ಣ ಅಕ್ಷರವನ್ನೆಲ್ಲ ಓದುತ್ತಿದ್ದೆ. ಹಿಂದೆ ನಿಂತವರು ಗೊಣಗಿದರೂ ಬಿಡುತ್ತಿರಲಿಲ್ಲ. ಇದನ್ನು ಯಾಕೆ ಹೇಳುತ್ತಿದ್ದೇನೆ ಅಂದರೆ, ಇಂಥ ಮನುಷ್ಯನೇ ಆ ಒಂದು ಬಾಟಲಿಯ ಹಿಂಬದಿ ಓದಲಿಲ್ಲ.

ಅಮ್ಮ ಎಳ್ಳೆಣ್ಣೆಯನ್ನು ಹಳೇ ಕಾಲದವರ ಹಾಗೆ ಒಳ್ಳೆಣ್ಣೆ ಅಂತಲೇ ಕರೆಯುತ್ತಾಳೆ. ನಮ್ಮ ಮನೆಯಲ್ಲಿ ಅದಕ್ಕೆ ಇದ್ದದ್ದು ಒಂದೇ ಸ್ಟೀಲ್ ಕ್ಯಾನು. ಬೆಳಿಗ್ಗೆ ಅದರಿಂದಲೇ ದೇವರ ಮನೆಯ ಎರಡು ದೀಪಕ್ಕೆ ಎಣ್ಣೆ, ಆಮೇಲೆ ಅದೇ ಕ್ಯಾನಿನಿಂದ ಪುಳಿಯೋಗರೆ ಗೊಜ್ಜಿಗೆ, ಚಟ್ನಿಪುಡಿಗೆ. ದೇವರಿಗೊಂದು ನಮಗೊಂದು ಅನ್ನುವ ಭೇದವೇ ಇರಲಿಲ್ಲ. ಅಮ್ಮನ ಅತ್ತೆಯ ಕಾಲದಲ್ಲೂ ಹಾಗೇ ಇತ್ತಂತೆ. ಎಣ್ಣೆ ತರುವುದು, ತಂದು ಕ್ಯಾನಿಗೆ ಸುರಿಯುವುದು ನನ್ನ ಕೆಲಸ. ಬಾಪೂಜಿ ನಗರದಲ್ಲಿ ಒಂದು ಗಾಣದ ಅಂಗಡಿಯಿತ್ತು, ವರ್ಷಗಟ್ಟಲೆ ಅಲ್ಲಿಂದಲೇ ತರುತ್ತಿದ್ದೆ. ಆ ವರ್ಷ ಅಂಗಡಿಯವರು ಬಾಗಿಲು ಹಾಕಿಕೊಂಡು ಊರಿಗೆ ಹೋದರು. ಕ್ಯಾನು ಖಾಲಿಯಾಗಿತ್ತು, ಮಾರನೆಯ ದಿನ ಶುಕ್ರವಾರ. ವಿಜಯನಗರದ ಒಂದು ಸೂಪರ್ ಮಾರ್ಕೆಟ್ಟಿಗೆ ಹೋದೆ. ಊದುಬತ್ತಿ, ಕರ್ಪೂರದ ಸಾಲಿನಲ್ಲಿ ಹಳದಿ ಬಾಟಲಿ ಕಾಣಿಸಿತು. ಮೇಲೆ ಎಳ್ಳಿನ ಚಿತ್ರ, ಉರಿಯುವ ದೀಪದ ಚಿತ್ರ, ದಪ್ಪ ಅಕ್ಷರದಲ್ಲಿ ‘ಶುದ್ಧ’. ದೇವರ ಎಣ್ಣೆ ತಾನೇ, ಇದರಲ್ಲಿ ಏನು ಮೋಸವಿರುತ್ತದೆ ಅಂದುಕೊಂಡೆ. ಮನೆಗೆ ಬಂದು ಕ್ಯಾನಿಗೆ ಸುರಿದು, ಬಾಟಲಿಯನ್ನು ಒಣಕಸದ ಚೀಲಕ್ಕೆ ಹಾಕಿದೆ. ಅಮ್ಮ ಆ ಬಾಟಲಿಯನ್ನು ನೋಡಲೇ ಇಲ್ಲ.

ಅದೇ ವಾರ ಮಗಳು ಕೆಂಗೇರಿಯ ಗಂಡನ ಮನೆಯಿಂದ ನಮ್ಮಲ್ಲಿಗೆ ಬಂದಳು. ಐದು ತಿಂಗಳು ಕಳೆದಿದ್ದರೂ ವಾಂತಿ ನಿಂತಿರಲಿಲ್ಲ. ಹಾಲು ಕೊಟ್ಟರೆ ಕಕ್ಕುತ್ತಿದ್ದಳು, ಸಾರಿನ ವಾಸನೆಗೆ ಮೂಗು ಮುಚ್ಚಿಕೊಳ್ಳುತ್ತಿದ್ದಳು. ಮದುವೆಯಾಗಿ ಏಳು ವರ್ಷಕ್ಕೆ ನಿಂತ ಬಸಿರು. ಹಿಂದೆ ಎರಡು ಸಲ ನಿಂತದ್ದು ಇಳಿದು ಹೋಗಿತ್ತು. ಮನೆಯಲ್ಲಿ ಎಲ್ಲರೂ ಮೆತ್ತಗೆ ನಡೆಯುತ್ತಿದ್ದೆವು, ಜೋರಾಗಿ ಮಾತಾಡಿದರೂ ಏನಾದರೂ ಆದೀತು ಅನ್ನುವ ಹಾಗೆ. ಅವಳ ಹೊಟ್ಟೆಯಲ್ಲಿ ನಿಂತದ್ದು ಅಜ್ಜಿಯ ಪುಳಿಯೋಗರೆ ಒಂದೇ. ಅದಿಲ್ಲದಿದ್ದರೆ ಬಿಸಿ ಅನ್ನಕ್ಕೆ ಚಟ್ನಿಪುಡಿ, ಮೇಲೆ ಎರಡು ಚಮಚ ಎಣ್ಣೆ. ಎಂಬತ್ತು ದಾಟಿದ ಅಮ್ಮನಿಗೆ ಇದಕ್ಕಿಂತ ದೊಡ್ಡ ಬಹುಮಾನ ಬೇಕಿರಲಿಲ್ಲ. ಸೊಂಟ ಹಿಡಿದುಕೊಂಡಾದರೂ ಒಲೆಯ ಮುಂದೆ ನಿಂತು ಗೊಜ್ಜು ಕುದಿಸುತ್ತಿದ್ದಳು. ಮೊಮ್ಮಗಳ ತಟ್ಟೆಗೆ ತಾನೇ ಕಲಸಿ, ತುತ್ತು ಮಾಡಿ ಕೈಗಿಡುತ್ತಿದ್ದಳು.

ಒಂದು ಬೆಳಿಗ್ಗೆ ಅಮ್ಮ ನನ್ನನ್ನು ಅಡುಗೆ ಮನೆಗೆ ಕರೆದು ಕ್ಯಾನು ಮೂಗಿನ ಹತ್ತಿರ ಹಿಡಿದಳು.

"ನೋಡೋ, ಒಳ್ಳೆಣ್ಣೆಗೆ ಘಮವೇ ಇಲ್ಲ ಈ ಸಲ. ಎಲ್ಲಿಂದ ತಂದೆ?"

ನಾನು ನಕ್ಕೆ. "ನಿನಗೆ ವಯಸ್ಸಾಯ್ತಮ್ಮ, ಮೂಗು ಕೆಲಸ ಮಾಡ್ತಿಲ್ಲ. ಶುದ್ಧವಾದ ಎಣ್ಣೆಗೆ ವಾಸನೆ ಕಮ್ಮಿನೇ ಇರತ್ತೆ," ಅಂದು, ಎಣ್ಣೆ ತೆಗೆಯುವ ವಿಧಾನಗಳ ಬಗ್ಗೆ ಒಂದು ಭಾಷಣ ಬಿಗಿದೆ. ಅಮ್ಮ ತಲೆಯಾಡಿಸಿದಳು. ಓದಿದ ಮಗ ಹೇಳಿದ ಮೇಲೆ ಮುಗಿಯಿತು.

ಮೂರನೆಯ ವಾರಕ್ಕೆ ಮಗಳಿಗೆ ಹೊಟ್ಟೆ ಕೆಟ್ಟಿತು. ಒಂದೆರಡು ದಿನ ನಿಲ್ಲುವುದು, ಮತ್ತೆ ಶುರುವಾಗುವುದು. ತೂಕ ಏರಬೇಕಾದ ಹೊತ್ತಿನಲ್ಲಿ ಏರಲಿಲ್ಲ. ಡಾಕ್ಟರಮ್ಮ ಹೊರಗಿನ ತಿಂಡಿ ತಿಂತೀರಾ ಅಂತ ಕೇಳಿದರೆ ನಾನೇ ಮುಂದೆ ಬಿದ್ದು, "ಛೆ ಛೆ, ಎಲ್ಲಾ ಮನೇದೇ ಮೇಡಂ, ಎಣ್ಣೆ ಕೂಡ ನಾನೇ ನೋಡಿ ತರ್ತೀನಿ," ಅಂದೆ. ಆ ಮಾತು ಈಗ ನೆನಪಾದರೆ ಮೈಯೆಲ್ಲ ಉರಿಯುತ್ತದೆ.

ಎರಡನೆಯ ಬಾಟಲಿಯೂ ಮುಗಿಯಿತು. ಮೂರನೆಯದಕ್ಕೆ ಅದೇ ಅಂಗಡಿಗೆ ಹೋದೆ. ಬಿಲ್ಲು ಹಾಕುವ ಹುಡುಗಿಗೆ, ಕೇಳದಿದ್ದರೂ, ಮಗಳು ಬಸುರಿ, ಪುಳಿಯೋಗರೆ ಬಿಟ್ಟು ಏನೂ ಸೇರುವುದಿಲ್ಲ ಅಂತ ಹೇಳಿಕೊಂಡೆ. ಅವಳು ಬಾಟಲಿಯನ್ನು ಕೈಯಲ್ಲೇ ಹಿಡಿದು ನನ್ನ ಮುಖ ನೋಡಿದಳು.

"ಅಂಕಲ್, ಇದು ದೀಪದ್ದು. ತಿನ್ನಕ್ಕೆ ಆಗಲ್ಲ."

"ಎಳ್ಳೆಣ್ಣೆ ಅಲ್ವೇನಮ್ಮ?"

ಅವಳು ಬಾಟಲಿ ತಿರುಗಿಸಿ ತೋರಿಸಿದಳು. ಹಿಂಬದಿಯಲ್ಲಿ, ವಿಳಾಸದ ಕೆಳಗೆ, ಸಾಸಿವೆ ಕಾಳಿನಷ್ಟು ಅಕ್ಷರದಲ್ಲಿ ಬರೆದಿತ್ತು: ದೀಪಕ್ಕೆ ಮಾತ್ರ, ಸೇವನೆಗೆ ಯೋಗ್ಯವಲ್ಲ. ಒಳಗೆ ಏನೇನು ಬೆರೆಸಿದ್ದಾರೆ ಅಂತ ಎಲ್ಲೂ ಇರಲಿಲ್ಲ. ನಾನು ಮೂರು ಸಲ ಓದಿದೆ. ಆ ಹುಡುಗಿ ಸ್ಟೂಲು ಕೊಟ್ಟು ಕೂರಿಸಿದಳು. ದೇವರೇ, ಆ ಕೂಸಿಗೆ ಏನೂ ಆಗದಿರಲಿ, ಬೇಕಾದರೆ ನನ್ನನ್ನು ಎತ್ತಿಕೊಂಡು ಬಿಡು ಅಂತ ಅಲ್ಲೇ, ಸೋಪಿನ ರ‍್ಯಾಕಿನ ಪಕ್ಕ ಕೂತು ಬೇಡಿಕೊಂಡೆ.

ಮನೆಗೆ ಹೇಗೆ ಬಂದೆನೋ ಗೊತ್ತಿಲ್ಲ. ಬಾಗಿಲು ತೆಗೆದರೆ ಅಮ್ಮ ಮಗಳ ಮುಂದೆ ಕೂತು ತುತ್ತು ಕಲಸುತ್ತಿದ್ದಳು. ಹೆಂಡತಿ ಆಗಷ್ಟೇ ಶಾಲೆಯಿಂದ ಬಂದು ಕೈಕಾಲು ತೊಳೆಯುತ್ತಿದ್ದಳು. ನಾನು ತಟ್ಟೆ ಕಿತ್ತುಕೊಂಡೆ. ಆ ಕ್ಷಣದಲ್ಲಿ ‘ನಾನು ತಪ್ಪು ಮಾಡಿದೆ’ ಅನ್ನುವ ಮೂರು ಮಾತು ನನ್ನ ಬಾಯಿಂದ ಬರಬೇಕಿತ್ತು. ಬಂದದ್ದು ಬೇರೆ.

"ಏನಮ್ಮಾ ಮಾಡಿದ್ದೀಯ ನೀನು? ದೀಪದ ಎಣ್ಣೆ ಹಾಕಿದ್ದೀಯಲ್ಲ ಅವಳಿಗೆ! ತಿನ್ನೋ ಎಣ್ಣೆ ಯಾವುದು, ದೀಪದ್ದು ಯಾವುದು ಅಂತ ಗೊತ್ತಾಗಲ್ವಾ? ಅದು ವಿಷ ಅಮ್ಮ, ವಿಷ!"

ಅಮ್ಮನ ಕೈಯಲ್ಲಿ ಕಲಸಿದ ಅನ್ನ ಹಾಗೇ ಇತ್ತು. "ದೇವರಿಗೆ ಹಚ್ಚೋ ಎಣ್ಣೆ ಮನುಷ್ಯರಿಗೆ ಆಗಲ್ವೇನೋ?" ಅಂದಳು. ಜಗಳಕ್ಕೆ ಕೇಳಿದ್ದಲ್ಲ, ನಿಜವಾಗಿಯೂ ಅರ್ಥವಾಗದೆ ಕೇಳಿದ್ದು.

ಮಗಳು ಎರಡೂ ಕೈಯಿಂದ ಹೊಟ್ಟೆ ಹಿಡಿದುಕೊಂಡು, "ಅಜ್ಜಿ, ಎಷ್ಟು ದಿನದಿಂದ? ಎಷ್ಟು ದಿನದಿಂದ ಹಾಕ್ತಿದ್ದೀಯ?" ಅಂತ ಕಿರುಚಿದಳು. ಆಮೇಲೆ ಅವಳು ಅತ್ತ ಅಳುವನ್ನು ಬರೆಯುವುದು ನನ್ನಿಂದ ಆಗುವುದಿಲ್ಲ. ಹೆಂಡತಿ ಅವಳನ್ನು ಅಪ್ಪಿಕೊಂಡು, ಅಮ್ಮನ ಕಡೆ ಒಮ್ಮೆ ನೋಡಿದಳು. ದೀಪಕ್ಕೆಂದು ನಾನು ಬೇರೆ ತಂದಿಟ್ಟಿದ್ದನ್ನು ಅಮ್ಮನೇ ಕ್ಯಾನಿಗೆ ಸುರಿದಳು ಅಂತ ಇಬ್ಬರೂ ತಿಳಿದುಕೊಂಡರು. ನನ್ನ ಕಡೆ ಯಾರೂ ನೋಡಲಿಲ್ಲ. ನಾನು ಬಾಯಿ ಬಿಡಲಿಲ್ಲ.

ಆಟೋ ಹಿಡಿದು ಆಸ್ಪತ್ರೆಗೆ ಓಡಿದೆವು. ನಾನು ಅಂಗಡಿಯಿಂದ ತಂದಿದ್ದ ಮೂರನೆಯ ಬಾಟಲಿಯನ್ನು ಡಾಕ್ಟರಮ್ಮ ತಿರುಗಿಸಿ ತಿರುಗಿಸಿ ನೋಡಿದರು. "ಏನು ಹಾಕಿದ್ದಾರೆ ಅಂತಾನೇ ಬರೆದಿಲ್ಲ, ನಾನು ಏನಂತ ಹೇಳ್ಲಿ ಸಾರ್? ಹೊಟ್ಟೆ ಕೆಟ್ಟಿದ್ದು ಇದರಿಂದ ಇರಬಹುದು. ಮಗು ಇರಬೇಕಾದ್ದಕ್ಕಿಂತ ಸ್ವಲ್ಪ ಸಣ್ಣಗಿದೆ. ಅದಕ್ಕೆ ಇದೇ ಕಾರಣ ಅಂತಾನೂ ಹೇಳಕ್ಕಾಗಲ್ಲ, ಅಲ್ಲ ಅಂತಾನೂ ಹೇಳಕ್ಕಾಗಲ್ಲ. ಇವತ್ತಿಂದ ನಿಲ್ಸಿ. ಕಾಯೋಣ."

ನಾನು, ಹಾಗಾದರೆ ಯಾವ ಎಣ್ಣೆ ಕೊಡಬೇಕು, ರಿಫೈನ್ಡ್ ಆಗುತ್ತಾ, ಗಾಣದ್ದೇ ಬೇಕಾ ಅಂತ ಶುರು ಮಾಡಿದೆ. ಅವರು ಕೈಯೆತ್ತಿ ತಡೆದರು. "ಅಡಿಗೆಗೆ ಅಂತ ಮಾರೋ ಎಣ್ಣೆ ಯಾವುದಾದ್ರೂ ತೊಗೊಳ್ಳಿ ಸಾರ್. ಸೀಲ್ ಇರೋದು ತನ್ನಿ, ಹಿತಮಿತವಾಗಿ ಹಾಕಿ, ಕರಿದಿದ್ದನ್ನೇ ಮತ್ತೆ ಮತ್ತೆ ಕಾಯಿಸ್ಬೇಡಿ. ಅಷ್ಟೇ." ಪಾರ್ಕಿನ ಬೆಂಚಿನ ಮೇಲೆ ನಾವು ಎರಡು ವರ್ಷ ಕಿತ್ತಾಡಿದ್ದನ್ನು ಆಕೆ ಒಂದು ಉಸಿರಿನಲ್ಲಿ ಮುಗಿಸಿಬಿಟ್ಟರು.

ಕಾಯುವುದು ಅಂದರೆ ಏನು ಅಂತ ನನಗೆ ಆ ಎರಡು ತಿಂಗಳಲ್ಲಿ ತಿಳಿಯಿತು. ಮಗು ಒದೆಯಿತಾ ಅಂತ ದಿನಕ್ಕೆ ಹತ್ತು ಸಲ ಕೇಳುತ್ತಿದ್ದೆ, ಕೊನೆಗೆ ಮಗಳೇ, "ಅಪ್ಪ, ಕೇಳ್ಬೇಡ, ಭಯ ಆಗತ್ತೆ," ಅಂದಳು. ಪಾರ್ಕಿಗೆ ಹೋಗುವುದು ಬಿಟ್ಟೆ. ಆ ಎಣ್ಣೆಯನ್ನು ನಾವೆಲ್ಲರೂ ತಿಂದಿದ್ದೆವು, ಆದರೆ ನಮ್ಮ ಹೊಟ್ಟೆಯ ಚಿಂತೆ ಯಾರಿಗಿತ್ತು?

ಅಮ್ಮ ಅಡುಗೆ ಮನೆಗೆ ಹೋಗುವುದನ್ನು ನಿಲ್ಲಿಸಿದಳು. ಯಾರೂ ಬೇಡ ಅನ್ನಲಿಲ್ಲ, ಯಾರೂ ಬಾ ಅನ್ನಲೂ ಇಲ್ಲ. ಬಡಿಸಿದರೆ ಉಣ್ಣುತ್ತಿದ್ದಳು, ಇಲ್ಲದಿದ್ದರೆ ಗೋಡೆಗೊರಗಿ ಕೂತಿರುತ್ತಿದ್ದಳು. ದೇವರ ದೀಪ ಹಚ್ಚುವುದನ್ನೂ ನನ್ನ ಹೆಂಡತಿಗೆ ಬಿಟ್ಟಳು. ನಾನು ದಿನವೂ ಇವತ್ತು ಹೇಳಿಬಿಡುತ್ತೇನೆ ಅಂದುಕೊಳ್ಳುತ್ತಿದ್ದೆ. ಈಗ ಬೇಡ, ಮಗಳು ನೊಂದಿದ್ದಾಳೆ. ಈಗ ಬೇಡ, ನಾಳೆ ಸ್ಕ್ಯಾನ್ ಇದೆ. ಹೆರಿಗೆ ಆಗಲಿ, ಆಮೇಲೆ. ಹೇಡಿಗೆ ನೆಪಕ್ಕೇನು ಬರ. ಮಗುವಿಗೆ ಏನಾದರೂ ಆದರೆ ಅಮ್ಮ ಆ ಪಾಪವನ್ನು ಹೊತ್ತುಕೊಂಡೇ ಸಾಯುತ್ತಾಳೆ ಅಂತ ನನಗೆ ಗೊತ್ತಿತ್ತು. ಗೊತ್ತಿದ್ದೂ ಸುಮ್ಮನಿದ್ದೆ.

ಹೆಣ್ಣು ಮಗು ಹುಟ್ಟಿತು. ತೂಕ ಕಮ್ಮಿ, ನಾಲ್ಕು ದಿನ ಗಾಜಿನ ಪೆಟ್ಟಿಗೆಯಲ್ಲಿಟ್ಟರು. ಆಮೇಲೆ ಹಾಲು ಕುಡಿಯಿತು, ಅತ್ತಿತು, ಮನೆಗೆ ಬಂತು. ಡಾಕ್ಟರಮ್ಮ, "ಚೆನ್ನಾಗಿದೆ, ಸುಮ್ನೆ ಹೆದರ್ಕೋಬೇಡಿ," ಅಂದಾಗ ನಾನು ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತು ಮಗುವಿನ ಹಾಗೆ ಅತ್ತೆ.

ನಮ್ಮಲ್ಲಿ ಕೂಸಿಗೆ ಮೊದಲ ಸಲ ನೆತ್ತಿಗೆ ಎಣ್ಣೆ ಇಡುವುದು ಮನೆಯ ಹಿರಿಯ ಹೆಂಗಸು. ನನ್ನ ನೆತ್ತಿಗೆ ನಮ್ಮಜ್ಜಿ ಇಟ್ಟಿದ್ದರು, ನನ್ನ ಮಗಳ ನೆತ್ತಿಗೆ ಅಮ್ಮ. ಆ ದಿನ ಹೆಂಡತಿ ಬಟ್ಟಲಲ್ಲಿ ಕೊಬ್ಬರಿ ಎಣ್ಣೆ ಬೆಚ್ಚಗೆ ಮಾಡಿ ತಂದಳು. ಮಗಳೇ ಕೂಸನ್ನು ಮಡಿಲಲ್ಲಿಟ್ಟುಕೊಂಡು, "ಬಾ ಅಜ್ಜಿ, ಎಣ್ಣೆ ಇಡು," ಅಂತ ಕರೆದಳು. ಅವಳ ಸಿಟ್ಟೆಲ್ಲ ಯಾವಾಗಲೋ ಇಳಿದಿತ್ತು.

ಅಮ್ಮ ಎರಡೂ ಕೈಯನ್ನು ಸೆರಗಿನೊಳಗೆ ಸೇರಿಸಿಕೊಂಡಳು. "ನನ್ನ ಕೈ ಬೇಡಮ್ಮ. ನಿಮ್ಮಮ್ಮ ಇಡಲಿ."

ಆಗ ನನ್ನಿಂದ ತಡೆಯಲಾಗಲಿಲ್ಲ. "ಅಮ್ಮ, ಆ ಎಣ್ಣೆ ತಂದು ಕ್ಯಾನಿಗೆ ಸುರಿದಿದ್ದು ನಾನು. ನೀನು ಬಾಟಲಿನೇ ನೋಡಿರಲಿಲ್ಲ. ತಪ್ಪೆಲ್ಲ ನಂದು. ಹೇಳೋಕೆ ಧೈರ್ಯ ಬರಲಿಲ್ಲ," ಅಂದೆ.

ಹೆಂಡತಿ ಎಣ್ಣೆಯ ಬಟ್ಟಲನ್ನು ನೆಲಕ್ಕಿಟ್ಟಳು. ಮಗಳು ನನ್ನನ್ನು ನೋಡಿದ ನೋಟ ನನಗೆ ತಕ್ಕದ್ದೇ ಆಗಿತ್ತು. ಅಮ್ಮ ಮಾತ್ರ ತಲೆಯೆತ್ತಲಿಲ್ಲ.

"ಗೊತ್ತು ಕಣೋ. ಅವತ್ತೇ ಗೊತ್ತಿತ್ತು. ನಾನು ಅಂಗಡಿಗೆ ಹೋಗಿ ಎಷ್ಟು ವರ್ಷ ಆಯ್ತು? ಆ ಹೊತ್ತಲ್ಲಿ ಅವಳು ಅಪ್ಪನ ಮೇಲೂ ಕೋಪ ಮಾಡ್ಕೊಂಡ್ರೆ ಯಾರನ್ನ ನೆಚ್ಕೊಂಡು ಇರ್ತಾಳೆ ಅಂತ ಸುಮ್ನಿದ್ದೆ." ಸೆರಗಿನೊಳಗಿನ ಕೈ ಹೊರಗೆ ತೆಗೆದು ತಾನೇ ನೋಡಿಕೊಂಡಳು. "ಆದ್ರೆ ಕಲಸಿ ಕಲಸಿ ಕೊಟ್ಟಿದ್ದು ಇದೇ ಅಲ್ವೇನೋ."

ಎಷ್ಟು ಬೇಡಿಕೊಂಡರೂ ಅವಳು ಬರಲಿಲ್ಲ. ಎಣ್ಣೆ ಇಟ್ಟದ್ದು ನನ್ನ ಹೆಂಡತಿ.

ಮೊಮ್ಮಗಳಿಗೆ ಈಗ ಒಂದು ವರ್ಷ ಮೂರು ತಿಂಗಳು. ಭಾನುವಾರ ಕೆಂಗೇರಿಯಿಂದ ಕರೆದುಕೊಂಡು ಬರುತ್ತಾರೆ. ಗುಂಡುಗುಂಡಾಗಿದ್ದಾಳೆ, ಮನೆಯೆಲ್ಲ ಓಡಾಡುತ್ತಾಳೆ. ಅನ್ನದ ಬಟ್ಟಲು ಕಂಡರೆ ಎಲ್ಲರನ್ನೂ ಬಿಟ್ಟು ನನ್ನ ಅಮ್ಮನ ಹತ್ತಿರವೇ ಹೋಗಿ, ಮೊಣಕಾಲು ಹಿಡಿದುಕೊಂಡು ಆ ಅಂತ ಬಾಯಿ ತೆರೆದು ನಿಲ್ಲುತ್ತಾಳೆ. ಅಮ್ಮ ಅವಳ ಕೆನ್ನೆ ಸವರುವುದಿಲ್ಲ, ಬಟ್ಟಲು ಮುಟ್ಟುವುದಿಲ್ಲ. ಕೈ ಹಿಂದಕ್ಕೆ ಇಟ್ಟುಕೊಂಡು ನನ್ನನ್ನೇ ಕೂಗುತ್ತಾಳೆ.

"ಬಾರೋ, ಕೂಸಿಗೆ ಹಸಿವು. ನೀನೇ ತಿನ್ಸು."