ಇಪ್ಪತ್ತಮೂರನೆಯ ದನಿ

ಕಟ್ಟುಕಥೆ ಅನ್ನಿಸಿದರೆ ಅನ್ನಿಸಲಿ, ನಾನು ವಾದ ಮಾಡುವುದಿಲ್ಲ. ಹಗರಿಬೊಮ್ಮನಹಳ್ಳಿಯ ನಮ್ಮ ಮನೆಯಲ್ಲಿ, ನನ್ನದೇ ಅಡುಗೆಮನೆಯಲ್ಲಿ, ನನ್ನ ಕಿವಿಯಾರೆ ಕೇಳಿದ್ದು ಇದು.

ಅವತ್ತೂ ಎಂದಿನಂತೆ ಐದಕ್ಕೆ ಎದ್ದೆ. ಹೊರಗೆ ಇನ್ನೂ ಕಗ್ಗತ್ತಲು. ಅಂಗಳಕ್ಕೆ ನೀರು ಹಾಕಿ, ನಳದ ನೀರು ಹಿಡಿದು, ಹಂಚು ಕಾಯಲು ಇಟ್ಟು, ಜೋಳದ ಹಿಟ್ಟಿನ ಡಬ್ಬಿಗೆ ಫೋನ್ ಆನಿಸಿ ನಿಲ್ಲಿಸಿದೆ.

ನಮ್ಮ ಮನೆಯವರು ಮಾಲ್ಡೀವ್ಸಿನ ಒಂದು ಪುಟ್ಟ ದ್ವೀಪದಲ್ಲಿ ಇಂಗ್ಲಿಷ್ ಮೇಷ್ಟ್ರು. ಸಮುದ್ರ ನೋಡಿಕೊಂಡು ಆರಾಮಾಗಿದ್ದಾರೆ ಅಂತ ಓಣಿಯವರ ಎಣಿಕೆ. ಅಸಲಿಗೆ ಏಳಕ್ಕೆ ಮುಂಚೆಯೇ ಶಾಲೆ, ಮಧ್ಯಾಹ್ನ ಓದಿನಲ್ಲಿ ಹಿಂದುಳಿದವರಿಗೆ ಬೇರೆ ಕ್ಲಾಸು, ರಾತ್ರಿ ಕೂತು ಬರೆಯಬೇಕಾದ ಪಾಠದ ಟಿಪ್ಪಣಿ. ಅಲ್ಲಿ ಶುಕ್ರವಾರ ರಜೆ, ಭಾನುವಾರ ಶಾಲೆ. ಒಂದು ಭಾನುವಾರವಾದರೂ ನನ್ನ ಜೊತೆ ನೆಟ್ಟಗೆ ಮಾತಾಡಿದವರಲ್ಲ. ಮಕ್ಕಳು ಪಾಠ ಓದಿ ಕಳಿಸುವ ರೆಕಾರ್ಡಿಂಗ್ ಕೇಳಿ ಅಂಕ ಹಾಕಲೂ ಅವರಿಗೆ ಪುರುಸೊತ್ತಿಲ್ಲ. ಕಾನ್ವೆಂಟಿನಲ್ಲಿ ಸಿಸ್ಟರ್‌ಗಳ ಕೈಲಿ ಕಲಿತವಳಲ್ಲವೇ ನಾನು... ಆ ಕೆಲಸ ನನ್ನ ತಲೆಗೆ. ಅಲ್ಲಿ ಯಾರಿಗೂ ಗೊತ್ತಿಲ್ಲ. ನನಗೊಂದು ಥ್ಯಾಂಕ್ಸೂ ಇಲ್ಲ.

ಅವತ್ತಿನದು ಮಾತ್ರ ತಪ್ಪುವಂತಿರಲಿಲ್ಲ. ಮಧ್ಯಾಹ್ನದೊಳಗೆ ಅಂಕಪಟ್ಟಿ ಶಾಲೆಯ ಆಫೀಸಿಗೆ ಮುಟ್ಟಿದರೆ ಊರಿಗೆ ಬರಲು ಅವರು ಹಾಕಿದ್ದ ರಜೆ ಅರ್ಜಿಗೆ ಸಹಿ. ಇಲ್ಲದಿದ್ದರೆ ಮುಂದಿನ ವರ್ಷವೇ. ಎರಡು ವರ್ಷದಿಂದ ನನ್ನ ಗಂಡನನ್ನು ನಾನು ಫೋನಿನ ಗಾಜಿನಲ್ಲೇ ನೋಡಿದ್ದು.

ಕೇಳುತ್ತಾ ಕೇಳುತ್ತಾ ರೊಟ್ಟಿ ತಟ್ಟುತ್ತಿದ್ದೆ. ಎಲ್ಲರದೂ ಅದೇ ಪಾಠ, ಎಲ್ಲರದೂ ಕೊನೆಗೆ "ಥ್ಯಾಂಕ್ಯೂ ಸರ್". ಇಪ್ಪತ್ತೆರಡು ಮುಗಿಯಿತು. ಕೆಳಗೆ ಇನ್ನೊಂದಿತ್ತು... ಹೆಸರಿಲ್ಲದ್ದು.

ಹುಡುಗಿಯ ದನಿ. ನಿಲ್ಲಬೇಕಾದಲ್ಲಿ ನಿಂತು, ಒಂದೂ ತಪ್ಪಿಲ್ಲದೆ... ಎಷ್ಟು ಚಂದದ ಓದು! ಅದರ ಹಿಂದೆ ಮೆಲ್ಲಗೆ ಪಟ... ಪಟ... ಪಟ...

ನಾನು ಕೈ ನಿಲ್ಲಿಸಿದೆ. ಸದ್ದು ನಿಲ್ಲಲಿಲ್ಲ.

ರೊಟ್ಟಿ ತಟ್ಟುವ ಸದ್ದು. ಜೊತೆಗೆ ಗಾಜಿನ ಬಳೆಗಳ ಕಿಣಿಕಿಣಿ. ಆಮೇಲೆ ದೂರದಲ್ಲಿ ರೈಲಿನ ಕೂಗು. ಅರ್ಧ ಗಂಟೆ ನಡೆದರೆ ಮುಗಿದುಹೋಗುವ ಆ ದ್ವೀಪಕ್ಕೆ ರೈಲು ಎಲ್ಲಿಂದ ಬರಬೇಕು?

ನಮ್ಮದು ಲಿಂಗಪೂಜೆಯ ಮನೆ, ಮೀನು ಹೊಸ್ತಿಲು ದಾಟಿದ್ದೇ ಇಲ್ಲ. ಆಗ ಒಲೆಯ ಪಕ್ಕ ಹಸಿ ಮೀನಿನ ವಾಸನೆ ಬಂತು... ಒದ್ದೆ ಉಪ್ಪಿನಂಥದ್ದು. ಹಂಚಿನ ಮೇಲಿನ ರೊಟ್ಟಿ ಕರಿಯಾಗುತ್ತಿದ್ದರೂ ಆ ವಾಸನೆ ಮುಚ್ಚಲಿಲ್ಲ.

ಓದು ಮುಗಿಸಿ ಹುಡುಗಿ ಉಸಿರೆಳೆದುಕೊಂಡಳು.

"ಥ್ಯಾಂಕ್ಯೂ... ಮಿಸ್."

ಹಿಟ್ಟಿನ ಕೈಯಲ್ಲೇ ಅವರಿಗೆ ಫೋನ್ ಹಚ್ಚಿದೆ.

"ರೀ, ನಿಮ್ಮ ಕ್ಲಾಸಿನಾಗ ಎಷ್ಟು ಮಕ್ಕಳು ಅದಾರ?"

"ಇಪ್ಪತ್ತೆರಡು. ಯಾಕ?"

"ಇಪ್ಪತ್ತಮೂರು ಬಂದಾವ್ರಿ. ಕಡೀದರ ಹಿಂದ ನಮ್ಮ ಮನಿ ಸದ್ದು ಕೇಳ್ತೈತಿ. ರೈಲೂ..."

"ನಿದ್ದಿಗಣ್ಣಾಗ ಏನರ ಅನಬ್ಯಾಡ. ನಾ ಸ್ನಾನಕ್ಕ ಹೊಂಟೀನಿ. ಇಪ್ಪತ್ತೆರಡು ಹಾಕು, ಕಳಸು, ಅಷ್ಟ."

ಕಟ್ ಮಾಡಿಬಿಟ್ಟರು. ಹೆದರಿಕೆಗಿಂತ ಸಿಟ್ಟೇ ಹೆಚ್ಚು ಬಂತು ನನಗೆ. ಹತ್ತಕ್ಕೆ ಹತ್ತು ಕೊಡಬೇಕಾದ ಓದು ಅದು. ಕೊಡಲಿಲ್ಲ. ಅಳಿಸಿಬಿಟ್ಟೆ. ಇಪ್ಪತ್ತೆರಡು ಅಂಕ ಹಾಕಿ ಪಟ್ಟಿ ಕಳಿಸಿದೆ.

ಮೂರು ಗಂಟೆಗೆ ಅವರೇ ಫೋನ್ ಮಾಡಿದರು. ದನಿ ಸಣ್ಣದಾಗಿತ್ತು.

"ಪಟ್ಟಿ ವಾಪಸ್ ಬಂತು. ಇಪ್ಪತ್ತಮೂರನೇದು ಖಾಲಿ ಬಿಟ್ಟೀರಿ ಅಂತಾರ."

"ಇಪ್ಪತ್ತೆರಡ ಅಂದ್ರಲ್ಲ ನೀವು?"

"ಇಪ್ಪತ್ತೆರಡ. ದಿನಾ ನಾನ ಹಾಜರಿ ಕರೀತೀನಿ. ಆಫೀಸಿನ ಪಟ್ಟಿಯೊಳಗ ಇನ್ನೊಂದು ಹುಡುಗಿ ಹೆಸರು ಐತಿ. ಯಾರು ಅಂತ ಕೇಳಿದ್ರ ಎಲ್ಲಾರೂ ಮಾತು ತಿರುಗಸ್ತಾರ... ಸಹಿ ಆಗಲಿಲ್ಲ. ಆ ರೆಕಾರ್ಡಿಂಗ್ ಐತೇನು?"

"ಇಲ್ರಿ... ಅಳಿಸಿಬಿಟ್ಟೆ."

ಬೆಳಗ್ಗೆಯೇ ನನ್ನ ಮಾತು ಕಿವಿಗೆ ಹಾಕಿಕೊಂಡಿದ್ದರೆ, ಅಂತ ಅಂದುಬಿಡೋಣ ಅನ್ನಿಸಿತು. ಫೋನ್ ಇಟ್ಟುಬಿಟ್ಟೆ.

ಅವರು ಇನ್ನೂ ಅಲ್ಲೇ ಇದ್ದಾರೆ. ಆ ಅಂಕ ಹಾಕಿಬಿಡಬೇಕಿತ್ತು ಅಂತ ಈಗಲೂ ಅನ್ನಿಸುತ್ತದೆ. ಅಂಕ ಹಾಕುವ ಕೆಲಸ ನಾನು ಬಿಟ್ಟಿದ್ದೇನೆ; ಬಾಗಿಲು ತೆಗೆಯುವ ಮುಂಚೆ ಕಿಟಕಿಯಿಂದ ಇಣುಕುವುದನ್ನು ಮಾತ್ರ ಬಿಡಲಾಗಿಲ್ಲ. ಅದಕ್ಕೆ ಕಾರಣ ಅವತ್ತಿನ ಸಂಜೆ.

ದೀಪ ಹಚ್ಚುವ ಹೊತ್ತು. ಮನಸ್ಸು ತಡೆಯದೆ ಹೊರಗೆ ಬಂದೆ. ನಮ್ಮ ಕಟ್ಟೆ ಬರಿದಾಗಿತ್ತು. ಪಕ್ಕದ ಮನೆಯ ಗಂಗಮ್ಮಕ್ಕ ತಮ್ಮ ಕಟ್ಟೆಯ ಮೇಲೆ ಹುಣಸೆಹಣ್ಣಿನ ಬೀಜ ಬಿಡಿಸುತ್ತಾ ಕೂತಿದ್ದರು. ನನ್ನತ್ತ ಒಮ್ಮೆ ನೋಡಿ, ಮತ್ತೆ ಮೊರದ ಕಡೆ ಬಗ್ಗಿ ಅಂದರು:

"ಟ್ಯೂಷನ್ ಚಾಲೂ ಮಾಡಿದ್ದು ಚಲೋ ಆತು ಬಿಡವಾ, ನಿನಗೂ ಹೊತ್ತು ಹೋಗ್ತೈತಿ. ಆದ್ರ ಆ ಹುಡುಗಿನ್ನ ಇನ್ನರ ಮನಿಗೆ ಕಳಸು. ಮುಂಜಾನಿಂದ ನಿನ್ನ ಕಟ್ಟಿ ಮ್ಯಾಲೆ ಕುಂತೈತಿ... ಮಿಸ್ ಇನ್ನಾ ಮಾರ್ಕ್ಸ್ ಹೇಳಿಲ್ಲಂತ."