ಗುಡ್ಡಕ್ಕೆ ಬಂದ ಜರ

ಆ ಸೋಮವಾರದ ಸಭೆಯಲ್ಲಿ ನಾವು ನಾಲ್ವರಿದ್ದೆವು. ಮೇಜಿನ ತುದಿಯಲ್ಲಿ, ಘಟ್ಟದ ಗುಡ್ಡ ಕುಸಿತವನ್ನು ಅಧ್ಯಯನ ಮಾಡುವ ನಮ್ಮ ಪುಣೆ ಕಚೇರಿಯ ಮುಖ್ಯಸ್ಥರು, ಅಪ್ಪಟ ಮರಾಠಿ ಸಾಹೇಬರು. ಅವರ ಬಲಕ್ಕೆ ಬೆಂಗಳೂರಿನಿಂದ ಬಂದ ಭೂವಿಜ್ಞಾನಿ ಮೇಡಮ್. ಎಡಕ್ಕೆ ಮಳೆಯ ರಿಜಿಸ್ಟರು ಹಿಡಿದ ನಾನು, ವಿಜಯಪುರದ ಕಡೆಯವ. ನಾಲ್ಕನೆಯವರು ಸಭೆಗೆ ಸೇರಿದವರಲ್ಲ. ಕುಂದಾಪುರದಿಂದ ಬಂದು ನಮ್ಮ ಕ್ಯಾಂಟೀನು ನಡೆಸುತ್ತಿದ್ದ ಯಜಮಾನರು. ಚಹಾ ಕೊಟ್ಟು, ಕಪ್ಪು ಖಾಲಿಯಾಗುವವರೆಗೆ ಗೋಡೆಗೆ ಒರಗಿ ನಿಲ್ಲುತ್ತಿದ್ದರು. ನಮ್ಮ ಸಂಶೋಧನೆಯನ್ನು ಆರಂಭದಿಂದ ಕೊನೆಯವರೆಗೆ ಎಚ್ಚರವಾಗಿದ್ದು ಕೇಳಿದವರು ಅವರೊಬ್ಬರೇ ಇರಬೇಕು.

ಗೋಡೆಯ ಪರದೆಯ ಮೇಲೆ ಒಂದು ಹಸಿರು ಚುಕ್ಕಿ ಮಿನುಗುತ್ತಿತ್ತು. ಮುಳಶಿಯ ಆಚೆ ಒಂದು ವಾಡಿಯ, ಎಂದರೆ ಪುಟ್ಟ ಹಳ್ಳಿಯ, ಹಿಂದಿನ ಗುಡ್ಡದಲ್ಲಿಟ್ಟ ಯಂತ್ರದ ಗುರುತು ಅದು. ಗುಡ್ಡ ಅಲುಗಿದರೆ ಚುಕ್ಕಿ ಕೆಂಪಾಗಬೇಕು. ಮೊದಲ ವರ್ಷ ಯಂತ್ರವನ್ನು ಮೆತ್ತಗಿನ ಮಣ್ಣಿನಲ್ಲಿ ಹೂತಿದ್ದರು. ಎರಡು ದಿನಕ್ಕೊಮ್ಮೆ ಕೆಂಪಾಗಿ ಎಲ್ಲರ ತಲೆ ತಿಂದಿತು. ಮರುವರ್ಷ ಅಲುಗಾಡದ ಜಾಗ ಹುಡುಕಿ, ದೊಡ್ಡ ಬಂಡೆಗೆ ಬೋಲ್ಟು ಹಾಕಿ ಕೂರಿಸಿದರು. ಅಂದಿನಿಂದ ವರದಿಗಳಲ್ಲಿ ಯಂತ್ರದ ನಡತೆ ‘ಅತ್ಯಂತ ಸ್ಥಿರ’.

ಅದೇ ವಾಡಿಯಲ್ಲಿ ನಾವೆಲ್ಲ ಮಾವಶಿ, ಎಂದರೆ ಚಿಕ್ಕಮ್ಮ, ಎಂದು ಕರೆಯುವ ಮುದುಕಿಯೊಬ್ಬರು ಇದ್ದರು. ಗುಡ್ಡದ ಬುಡಕ್ಕಿದ್ದ ಐದು ಮನೆಗಳಲ್ಲಿ ಮೊದಲನೆಯದು ಅವರದು. ಅಂಗಳದಲ್ಲಿ ನಮ್ಮ ಮಳೆಮಾಪಕ. ಬೆಳಿಗ್ಗೆ ಎಂಟೂವರೆಗೆ ಅಳತೆ ನೋಡಿ ನನಗೆ ಫೋನು ಮಾಡುವುದು ಅವರ ಗೌರವ ಸೇವೆ. ಗೌರವ ಎಂದರೆ ಸಂಬಳವಿಲ್ಲ ಎಂದರ್ಥ.

ಇನ್ನು ನನ್ನ ಕಿವಿಯ ವಿಷಯ. ಅಕ್ಷರ ಶಾಲೆ ಕಲಿಸಿತು, ಮಾತು ಕಲಿಸಿದ್ದು ನಮ್ಮ ಆಯಿ, ಎಂದರೆ ಅಜ್ಜಿ. ಆಯಿಯ ಬಾಯಲ್ಲಿ ಜ್ವರ ಎಂದೂ ಜ್ವರವಾಗಿರಲಿಲ್ಲ, ‘ಜರ’ ಆಗಿತ್ತು. ‘ಹುಡುಗಗ ಜರ ಬಂದಾವ, ತಲಿಗಿ ನೀರ ಹಾಕಬ್ಯಾಡ್ರಿ’ ಎನ್ನುತ್ತಿದ್ದಳು. ಪುಣೆಗೆ ಬಂದು ಅರ್ಧ ಆಯುಷ್ಯ ಮರಾಠಿ ಮಾತಾಡಿದ್ದೇನೆ. ಆದರೂ ಕಿವಿಯೊಳಗೆ ಕೂತ ಆಯಿ ಎದ್ದು ಹೋಗಿಲ್ಲ.

ಹಿಂದಿನ ಶನಿವಾರ ಬೆಳಿಗ್ಗೆ ಮಾವಶಿಯ ಫೋನು ಬಂತು. ಆ ಕಡೆ ಮಳೆಯ ಆರ್ಭಟ, ಲೈನು ಕರಕರ ಎನ್ನುತ್ತಿತ್ತು.

‘ಸಾಹೇಬ, ಝರಾ ಆಲಾಯ್.’

ಅಯ್ಯೋ ಪಾಪ, ಈ ವಯಸ್ಸಿನಲ್ಲಿ ಜ್ವರ ಬಂತೆ, ಎಂದು ಮನಸ್ಸು ಕರಗಿತು. ಮುಂದಿನದೆಲ್ಲ ಮರಾಠಿಯಲ್ಲೇ ನಡೆಯಿತು, ನನ್ನ ಕನ್ನಡದಲ್ಲಿ ಹೇಳುತ್ತೇನೆ.

‘ಯಾವಾಗಿಂದ ಮಾವಶಿ?’

‘ನಿನ್ನಿಯಿಂದ್ರಿ. ಹೆಚ್ಚಾಗಾಕತ್ತದ.’

‘ಥಂಡಿ ಅದ ಏನು?’

‘ಭಾಳ ಥಂಡಿ. ಮತ್ತ ಕೆಂಪಗ ಅದ.’

ಥಂಡಿ ಜ್ವರ, ಮೈ ಕೆಂಪು, ಎಂದು ಬರೆದುಕೊಂಡೆ. ‘ಹಿಂದ ಯಾವಾಗರೆ ಬಂದಿತ್ತೇನು?’

‘ನಮ್ಮ ಅತ್ತಿ ಕಾಲಕ್ಕ ಒಮ್ಮಿ ಬಂದಿತ್ತಂತ್ರಿ. ಆಗ ನಾಕ ಮಂದಿ ಹ್ವಾದರು.’

ಇದು ಅಂಟುವ ಜಾತಿಯ ಜ್ವರವೇ ಇರಬೇಕು! ಗಂಟಲು ಗಟ್ಟಿ ಮಾಡಿಕೊಂಡು ಹೇಳಿದೆ: ‘ಹಂಗಾರ ಮಕ್ಕಳ್ನ ಹತ್ರ ಬಿಡಬ್ಯಾಡ್ರಿ. ಐದೂ ಮನಿಯವರಿಗೆ ಹೇಳ್ರಿ. ಒಣಾ ಜಾಗಾ ನೋಡಿ ಮಲಕೋರಿ. ಮತ್ತ ಒಂದು ಗುಳಿಗಿ ತಗೋರಿ. ಇದು ಆಫೀಸಿನ ಮಾತು ಅಂತ ತಿಳೀರಿ.’

‘ಭಾಳ ಛಲೋ ಆತು ಸಾಹೇಬ,’ ಎಂದರು ಮಾವಶಿ. ಲೈನು ಕಡಿಯಿತು. ಒಬ್ಬ ರೋಗಿಗೆ ಧೈರ್ಯ ತುಂಬಿದ ಸಂತೋಷದಲ್ಲಿ ನಾನು ಎರಡು ಜಿಲೇಬಿ ತಿಂದೆ.

ಆದ್ದರಿಂದ ಸೋಮವಾರ ರಿಜಿಸ್ಟರಿನಲ್ಲಿ ಮಳೆಯ ಕಾಲಮ್ಮು ಖಾಲಿ. ಯಾಕೆಂದು ಸಾಹೇಬರು ಮರಾಠಿಯಲ್ಲಿ ಕೇಳಿದರು. ಮಾವಶಿಗೆ ಜ್ವರ, ‘ತಾಪ್’, ಎಂದು ನಾನು ಮರಾಠಿಯಲ್ಲೇ ಉತ್ತರಿಸಿದೆ. ಒಳಗೆ ಹೋಗುವಾಗ ಮರಾಠಿಯಾಗಿದ್ದ ಮಾತು ತಲೆಯಲ್ಲಿ ಕನ್ನಡವಾಗಿ, ಹೊರಗೆ ಬರುವಾಗ ಬೇರೆಯೇ ಮರಾಠಿಯಾಗಿತ್ತು. ಯಾರಿಗೂ ಸಂಶಯ ಬರಲಿಲ್ಲ. ಸಾಹೇಬರನ್ನು ಕಾಡಿದ್ದು ಬೇರೆ ಸಂಗತಿ: ಸಂಬಳವಿಲ್ಲದವರಿಗೆ ರಜೆಯ ನಿಯಮವೇ ಇಲ್ಲ! ನಿಯಮವಿಲ್ಲದೆ ಜ್ವರ ಹೇಗೆ ಬರುತ್ತದೆ? ಅರ್ಧ ಗಂಟೆ ಚರ್ಚೆಯಾಗಿ, ಒಂದು ರಜೆಯ ಫಾರ್ಮು ಹೊಸದಾಗಿ ರಚಿಸುವುದೆಂದು ತೀರ್ಮಾನವಾಯಿತು.

‘ಸ್ಯಾಟರ್ಡೇ ಇಂದ ಡೇಟಾ ಇಲ್ಲ ಅಂದ್ರೆ ನನ್ನ ಗ್ರಾಫ್ ಕಟ್ ಆಗುತ್ತೆ ರೀ,’ ಮೇಡಮ್ ನನ್ನ ಕಡೆ ತಿರುಗಿದರು. ‘ಬೇರೆ ಯಾರೂ ಇಲ್ವಾ ಅಲ್ಲಿ?’

‘ಅತ್ತಿ ಕಾಲಕ್ಕ ಇದೇ ಜರಕ್ಕ ನಾಕ ಮಂದಿ ಹೋಗ್ಯಾರಂತ್ರಿ ಮೇಡಮ್. ಥಂಡಿ ಅಂತ, ಕೆಂಪ ಅಂತ, ಹೆಚ್ಚಾಗಾಕತ್ತದಂತ.’

ಗೋಡೆಯ ಕಡೆಯಿಂದ ಕ್ಯಾಂಟೀನಿನ ಯಜಮಾನರು ಬಾಯಿ ಹಾಕಿದರು. ‘ಎಂಥ ಜ್ವರ ಮಾರಾಯ್ರೆ ಅದು? ಜ್ವರ ಅಂದ ಮೇಲೆ ಬಿಸಿ ಅಲ್ದಾ? ಆ ಹೆಂಗಸು ಹೇಳಿದ್ದನ್ನ ಹಾಂಗೇ ಹೇಳಿ ಕಾಂಬ.’

‘ಝರಾ ಆಲಾಯ್ ಅಂದ್ರು.’

ಅಲ್ಲಿಯವರೆಗೆ ನಮ್ಮ ಕನ್ನಡದಲ್ಲಿ ಏನೂ ತಿಳಿಯದೆ ಫಾರ್ಮಿನ ಗೆರೆ ಎಳೆಯುತ್ತಿದ್ದ ಸಾಹೇಬರಿಗೆ ಆ ಎರಡು ಮಾತು ತಿಳಿದವು. ಕೈಯ ಪೆನ್ನು ಬಿತ್ತು. ‘ಝರಾ?’

ಮರಾಠಿಯಲ್ಲಿ ಝರಾ ಎಂದರೆ ನೀರಿನ ಒರತೆ. ಇಲ್ಲದ ಜಾಗದಲ್ಲಿ ಒರತೆ ಒಡೆದು, ಕೆಂಪು ನೀರು ಹೆಚ್ಚುತ್ತ ಹೋದರೆ ಗುಡ್ಡ ಒಳಗೇ ಸಡಿಲವಾಗಿದೆ, ಕೂಡಲೇ ಮನೆ ಬಿಡಿ ಎಂದರ್ಥ. ಇದನ್ನು ಪೋಸ್ಟರು ಮಾಡಿ ಆ ವಾಡಿಯ ಶಾಲೆಗೆ ಅಂಟಿಸಿದವರು ನಾವೇ. ಮಾವಶಿ ಅದನ್ನು ಓದಿದ್ದರು. ನಾನು ಅದರ ಪ್ರೂಫು ಮಾತ್ರ ತಿದ್ದಿದ್ದೆ.

ಎಲ್ಲರೂ ಪರದೆ ನೋಡಿದೆವು. ಚುಕ್ಕಿ ಹಸಿರಾಗಿ, ಪ್ರಸನ್ನವಾಗಿ ಮಿನುಗುತ್ತಿತ್ತು.

‘ಅದು ಬಂಡೆ ಮೇಲಿದೆ ಕಣ್ರೀ,’ ಎಂದರು ಮೇಡಮ್, ಬಹಳ ಸಣ್ಣ ದನಿಯಲ್ಲಿ.

ಮಾವಶಿಯ ಫೋನು ಹತ್ತಲಿಲ್ಲ. ಜೀಪು ಹೊರಟಿತು. ಆದರೆ ಯಂತ್ರ ಮಾರಿದ ಕಂಪನಿಯ ಇಂಜಿನಿಯರನನ್ನೂ ಕರೆದೊಯ್ಯಬೇಕು, ಅವನಿಲ್ಲದೆ ಯಂತ್ರ ಮುಟ್ಟಿದರೆ ಗ್ಯಾರಂಟಿ ಹೋಗುತ್ತದೆ ಎಂದು ಸಾಹೇಬರಿಗೆ ನೆನಪಾಯಿತು. ಹೀಗಾಗಿ ಗುಡ್ಡ ಕುಸಿತದ ವಿಜ್ಞಾನವೆಲ್ಲ ಅವನ ಕಚೇರಿಯಿದ್ದ ಹಿಂಜವಾಡಿಯ ಚೌಕದಲ್ಲಿ, ಕಂಪನಿ ಕ್ಯಾಬುಗಳ ನಡುವೆ, ಒಂದು ತಾಸು ಸಿಕ್ಕಿಬಿತ್ತು. ಹಾರ್ನು, ಮಳೆ, ವೈಪರು. ಕರೆಯದೆ ಬಂದ ಕ್ಯಾಂಟೀನಿನ ಯಜಮಾನರು ತೊಡೆಯ ಮೇಲೆ ಚಹಾದ ಫ್ಲಾಸ್ಕು ಇಟ್ಟುಕೊಂಡು ನನ್ನ ಪಕ್ಕದಲ್ಲಿ ಕೂತಿದ್ದರು. ನನ್ನ ಕಣ್ಣ ಮುಂದೆ ಐದು ಮನೆಗಳಲ್ಲದೆ ಬೇರೇನೂ ಇರಲಿಲ್ಲ. ಮಾವಶಿಯ ನಂಬರು ಮತ್ತೆ ಮತ್ತೆ ಒತ್ತುತ್ತಿದ್ದೆ.

ವಾಡಿ ತಲುಪಿದಾಗ ಗುಡ್ಡದ ಒಂದು ಮಗ್ಗುಲು ಇರಲಿಲ್ಲ. ಮೊದಲ ಎರಡು ಮನೆ ಮಣ್ಣಿನಡಿ. ಮಳೆಮಾಪಕವಿದ್ದ ಅಂಗಳವೂ ಇಲ್ಲ. ಮೇಲೆ ಆ ಬಂಡೆ ಮಾತ್ರ ಇದ್ದಲ್ಲೇ ಇತ್ತು, ಯಂತ್ರ ಹೊತ್ತುಕೊಂಡು. ಅತ್ಯಂತ ಸ್ಥಿರ.

ಶಾಲೆಯ ಪಡಸಾಲೆಯಿಂದ ಮಾವಶಿ ಬಂದರು. ಅವರ ಹಿಂದೆ ಐದೂ ಮನೆಯವರು, ಮಕ್ಕಳು, ಎಮ್ಮೆ, ಕೋಳಿ ಸಮೇತ. ನಾನು ಅಲ್ಲೇ ಮೆಟ್ಟಿಲ ಮೇಲೆ ಕೂತುಬಿಟ್ಟೆ.

‘ಶನಿವಾರನ ಎಲ್ಲಾರೂ ಇಲ್ಲಿಗಿ ಬಂದಿವ್ರಿ ಸಾಹೇಬ. ನಾ ಹೇಳಿದಾಗ ನಕ್ಕಿದ್ರು, ಮುದುಕಿಗೆ ಅರಳುಮರಳು ಅಂದ್ರು. ಆಫೀಸಿನವರು ಹೇಳ್ಯಾರ, ಮಕ್ಕಳ್ನ ಹತ್ರ ಬಿಡಬ್ಯಾಡ್ರಿ, ಒಣಾ ಜಾಗಾಕ್ಕ ಹೋಗ್ರಿ ಅಂದ ಮ್ಯಾಲ ಒಬ್ಬರೂ ತಕರಾರ ಮಾಡ್ಲಿಲ್ಲ.’ ಸ್ವಲ್ಪ ತಡೆದು ಕೇಳಿದರು: ‘ಆದ್ರ ಆ ಗುಳಿಗಿ ಯಾಕಂತ ತಿಳೀಲಿಲ್ಲ. ಹೇಳೀರಿ ಅಂತ ಒಂದ ತಗೊಂಡೆ.’

ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಮಾವಶಿ ಸೆರಗು ಬಾಯಿಗೆ ಒತ್ತಿಕೊಂಡು ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕರು. ನಗುನಗುತ್ತಲೇ ತಮ್ಮ ಮನೆಯಿದ್ದ ಕಡೆ ಕಣ್ಣು ಹೋಯಿತು. ಆಮೇಲೆ ನಗಲಿಲ್ಲ. ಕ್ಯಾಂಟೀನಿನ ಯಜಮಾನರು ಫ್ಲಾಸ್ಕಿನ ಚಹಾ ಸುರಿದು ಅವರ ಕೈಗೆ ಕೊಟ್ಟರು.

ನವರಾತ್ರಿಯ ಹೊತ್ತಿಗೆ ನಮ್ಮ ಕಚೇರಿಯಿಂದ ಮಾವಶಿಗೆ ಅಂಚೆಯಲ್ಲಿ ಒಂದು ಪತ್ರ ಹೋಯಿತು. ಜ್ವರದ ನಿಮಿತ್ತ ಮೂರು ದಿನದ ರಜೆ ಮಂಜೂರಾಗಿತ್ತು. ಅವರು ಅದನ್ನು ಶಾಲೆಯ ಗೋಡೆಗೆ, ನಮ್ಮ ಪೋಸ್ಟರಿನ ಪಕ್ಕಕ್ಕೆ ಅಂಟಿಸಿದರು.