ಎರಡು ಸಲ ಎಣಿಸಿದ ಕೊಂಡಿ

ಅಕ್ಕನ ಕೆಲಸ ಏನೆಂದು ಯಾರಾದರೂ ಕೇಳಿದರೆ, ಕಂಪ್ಯೂಟರಿನಲ್ಲಿ ಪರಮಾಣುಗಳ ಲೆಕ್ಕ ಮಾಡುತ್ತಾಳೆ ಎಂದು ಅಮ್ಮ ಕೈತೊಳೆದುಕೊಳ್ಳುತ್ತಾಳೆ. ಸುಳ್ಳೇನಲ್ಲ. ಪರಮಾಣುಗಳನ್ನು ಸಾಲಾಗಿ ಕೂರಿಸಿ, ಅಕ್ಕಪಕ್ಕದವು ಒಂದನ್ನೊಂದು ಎಷ್ಟು ಎಳೆಯುತ್ತವೆ ಎಂದು ಕ್ವಾಂಟಮ್ ನಿಯಮದಂತೆ ಲೆಕ್ಕ ಹಾಕುವುದು ಅವಳ ಕಸುಬು. ಪಿಎಚ್‌ಡಿ ಮುಗಿದು ಒಂಬತ್ತು ವರ್ಷ. ಮೂರು ಊರು, ನಾಲ್ಕು ತಾತ್ಕಾಲಿಕ ಹುದ್ದೆ. ಈ ಸಲ ಕಾಯಂ ಆಗಬೇಕು, ಇಲ್ಲವೇ ಮತ್ತೆ ಗಂಟುಮೂಟೆ ಕಟ್ಟಬೇಕು.

ಅವಳ ಪ್ರಬಂಧವನ್ನು ದೊಡ್ಡ ಪತ್ರಿಕೆಯೊಂದು ಒಪ್ಪಿಕೊಂಡಿತ್ತು. ಕಾಯಂ ಹುದ್ದೆಯ ಸಂದರ್ಶನಕ್ಕೆ ಮೂರು ತಿಂಗಳಿರುವಾಗ ಒಂದು ಮಧ್ಯಾಹ್ನ ಮನೆಗೆ ಬಂದವಳು, ನನ್ನ ಮಗಳಿಗೆ ಬಾಳೆಹಣ್ಣು ಕಿವುಚುತ್ತಲೇ, ಅದರಲ್ಲಿ ಲೆಕ್ಕ ತಪ್ಪಿದೆ ಎಂದಳು. ಸಾಲಿನ ತುದಿಗೆ ತುದಿ ಸೇರಿಸಿ ಬಳೆಯ ಹಾಗೆ ಮಾಡುತ್ತಾರಂತೆ. ಆಗ ಪ್ರತಿ ಪರಮಾಣುವಿಗೂ ಎಡಕ್ಕೊಂದು, ಬಲಕ್ಕೊಂದು ಕೊಂಡಿ. ಆದರೆ ಅತಿ ಚಿಕ್ಕ ಬಳೆಯಲ್ಲಿ ಇರುವುದೇ ಎರಡು ಪರಮಾಣು. ನನಗೆ ತಿಳಿಯಲೆಂದು ಅಕ್ಕ ಮಗಳ ಎದುರಿಗೆ ಚಕ್ಕಳಮಕ್ಕಳ ಹಾಕಿ ಕೂತಳು.

"ನಾವಿಬ್ರೇ ದುಂಡಗೆ ಕೂತ್ರೆ ಎಡಕ್ಕೂ ಇವಳೇ, ಬಲಕ್ಕೂ ಇವಳೇ. ನನ್ನ ಪ್ರೋಗ್ರಾಂ ಇವಳನ್ನ ಎರಡು ಸಲ ಎಣಿಸಿಬಿಟ್ಟಿದೆ ಕಣೆ."

ಪ್ರಬಂಧದ ಬೆರಗೆಲ್ಲ ನಿಂತದ್ದು ಆ ಚಿಕ್ಕ ಬಳೆಯ ಉತ್ತರದ ಮೇಲೆ. ಪ್ರಬಂಧವನ್ನೇ ಪತ್ರಿಕೆಯಿಂದ ವಾಪಸು ಪಡೆಯುವುದೆಂದು ಅವಳು ಆಗಲೇ ತೀರ್ಮಾನಿಸಿದ್ದಳು. ಮೊದಲು ಹುದ್ದೆ ಕೈಗೆ ಬರಲಿ, ತಿದ್ದುಪಡಿ ಆಮೇಲೆ ಹಾಕಿದರಾಯಿತು ಎಂದರಂತೆ ವಿಭಾಗದ ಮುಖ್ಯಸ್ಥರು. ಅದಕ್ಕೆ ಅಕ್ಕ ಹೇಳಿದ್ದು ಇಷ್ಟೇ:

"ಅಷ್ಟರಲ್ಲಿ ಇದನ್ನ ಓದಿ ಲೆಕ್ಕ ಹಾಕೋಕೆ ಕೂತ ಯಾವ್ದೋ ಹುಡುಗಿ ಈ ಸಂಖ್ಯೆ ಬರ್ತಿಲ್ಲ ಅಂತ ಆರು ತಿಂಗಳು ತಲೆ ಕೆರ್ಕೋತಾಳೆ ಸರ್. ಬೇರೆಯವರ ತಪ್ಪಿಗೆ ನಾನೂ ಕೆರ್ಕೊಂಡಿದೀನಿ."

ಬಾಯಿಗೆ ಬಂದ ತುತ್ತನ್ನು ಕೈಯಾರೆ ಚೆಲ್ಲಿದಳೆಂದು ಅಮ್ಮ ಎರಡು ದಿನ ಮಾತು ಬಿಟ್ಟಳು. ಒಳಗೊಳಗೇ ನಾನೂ ಅಮ್ಮನ ಕಡೆಗೇ ಇದ್ದೆ. ಅಕ್ಕ ಊರು ಬಿಟ್ಟರೆ ಮಗಳಿಗೆ ಜ್ವರ ಬಂದ ದಿನ ನಾನು ಯಾರನ್ನು ಕರೆಯಲಿ?

ಅಕ್ಕ ಚಿಕ್ಕ ಬಳೆಯನ್ನು ಬಿಟ್ಟು, ದೊಡ್ಡವನ್ನೆಲ್ಲ ಹೊಸದಾಗಿ ಲೆಕ್ಕ ಹಾಕಿದಳು. ಹನ್ನೊಂದು ವಾರ ಹಿಡಿಯಿತು. ಬೆರಗು ಹೋಯಿತು, ಸಣ್ಣದಾದರೂ ಗಟ್ಟಿಯಾದ ಉತ್ತರವೊಂದು ಉಳಿಯಿತು. ಸಂದರ್ಶನದಲ್ಲಿ ವಾಪಸು ಪಡೆದ ಪ್ರಬಂಧದ ಬಗ್ಗೆಯೇ ಮುಕ್ಕಾಲು ಗಂಟೆ ಕೇಳಿದರಂತೆ. ಅವಳು ಬೋರ್ಡಿನ ಮೇಲೆ ಎರಡು ಚುಕ್ಕಿಯಿಟ್ಟು ತಪ್ಪನ್ನು ತೋರಿಸುತ್ತಿದ್ದಾಗ ಹಿರಿಯರೊಬ್ಬರು ಸದ್ದಿಲ್ಲದೆ ಏನೋ ಗುರುತು ಹಾಕಿಕೊಂಡರಂತೆ. ಅವರ ಪ್ರೋಗ್ರಾಮಿನಲ್ಲೂ ಅದೇ ಇತ್ತೋ ಏನೋ ಎಂದು ಅಕ್ಕ ನಗುತ್ತಾಳೆ.

ಮೊನ್ನೆ ಆದೇಶ ಬಂತು. ಕಾಯಂ, ಆದರೆ ಕೇಳಿದ್ದಕ್ಕಿಂತ ಒಂದು ಮೆಟ್ಟಿಲು ಕೆಳಗಿನ ಹುದ್ದೆ. ಅಮ್ಮ ಗೊಣಗಿದಳು. ಅಕ್ಕ ನನ್ನ ಹತ್ತಿರ ಸುತ್ತಿಗೆ ಕೇಳಿಕೊಂಡು ಬಂದಳು. ಒಂಬತ್ತು ವರ್ಷದಲ್ಲಿ ತಾನಿದ್ದ ಯಾವ ಕೋಣೆಯ ಗೋಡೆಗೂ ಅವಳು ಮೊಳೆ ಹೊಡೆದಿರಲಿಲ್ಲ.